ಎಳನೀರು ಒಂದೇ ಸಾಲದು ಸ್ವಾಮಿ

ಮಾಯಸಂದ್ರದಿಂದ ಒಬ್ಬ ಯಜಮಾನರು ಫೋನ್ ಮಾಡಿದ್ದರು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ. ತೆಂಗಿನ ತೋಟ ಇಟ್ಟುಕೊಂಡಿರೋ ರೈತರು. ಆ ಕಡೆಯಿಂದ ಫೋನ್ ಬಂದರೆ ಸಾಮಾನ್ಯವಾಗಿ ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು, ಇಲ್ಲವೇ ಹೇಮಾವತಿ ನೀರು. ಇವರು ಕೇಳಿದ್ದೇ ಬೇರೆ. "ಸಾರ್, ನಮ್ಮ ಹುಡುಗ ಐವತ್ತು ಕಿಲೋಮೀಟರ್ ಓಡ್ತೀನಿ ಅಂತ ಹಟ ಹಿಡಿದು ಕೂತವ್ನೆ. ಅದಕ್ಕೆ ಸಾವಿರಾರು ರೂಪಾಯಿ ಫೀಸು ಬೇರೆ ಕಟ್ಟಬೇಕಂತೆ. ಓಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ ಸಾರ್? ಹಂಗೆ ಓಡಿದ್ರೆ ಜೀವಕ್ಕೇನಾದ್ರೂ ಆಯ್ತದಾ?"

ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸುಲಭ. ಕೊಡ್ತಾರೆ ಯಜಮಾನ್ರೇ, ಕ್ಯೂ ನಿಂತು ಕೊಡ್ತಾರೆ. ಎರಡನೆಯದು ತಂದೆಯ ಪ್ರಶ್ನೆ. ಅದಕ್ಕೆ ಒಂದು ಮಾತಿನಲ್ಲಿ ಹೂಂ ಅಥವಾ ಉಹೂಂ ಅನ್ನೋಕಾಗಲ್ಲ. ಆವತ್ತು ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೇನೆ.

ಮೊದಲು ಈ ಓಟ ಏನು ಅಂತ ನೋಡೋಣ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಾದರೂ ಅದು ಅಲ್ಟ್ರಾ ಮ್ಯಾರಥಾನ್. ಮಾಯಸಂದ್ರದಿಂದ ಹೊರಟು ತುರುವೇಕೆರೆ ದಾಟಿ ತಿಪಟೂರು ಸೇರಿದರೆ ಹೆಚ್ಚು ಕಡಿಮೆ ಒಂದು ಮ್ಯಾರಥಾನ್ ಆಗುತ್ತೆ. ಅಲ್ಲಿಂದ ಮುಂದಕ್ಕೂ ಓಡ್ತಾ ಹೋಗಬೇಕು. ಸಾಮಾನ್ಯವಾಗಿ 50 ಕಿ.ಮೀ., 80, 100, 160 ಹೀಗೆ ದೂರ ಇಟ್ಟಿರ್ತಾರೆ. ಇನ್ನೊಂದು ಜಾತಿಯದು ಗಂಟೆ ಲೆಕ್ಕದ್ದು, 24 ಗಂಟೆಯಲ್ಲಿ ಎಷ್ಟು ದೂರ ಹೋಗ್ತೀಯೋ ಹೋಗು ಅಂತ.

ಇದೆಲ್ಲ ಹೊರದೇಶದ ಹುಚ್ಚು ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ 2007ರಿಂದ ಅಲ್ಟ್ರಾ ಓಟ ನಡೆದಿದೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತೆ. ಬೆಂಗಳೂರಿನ ಉಲ್ಲಾಸ್ ನಾರಾಯಣ 2018ರಲ್ಲಿ ತೈಪೆಯಲ್ಲಿ ನಡೆದ ಏಷ್ಯಾ-ಓಷಿಯಾನಿಯಾ ಚಾಂಪಿಯನ್‌ಶಿಪ್‌ನಲ್ಲಿ 24 ಗಂಟೆಯಲ್ಲಿ 250 ಕಿಲೋಮೀಟರ್ ಓಡಿ ಕಂಚು ತಂದರು. 400 ಮೀಟರ್ ಟ್ರ್ಯಾಕಿನ ಲೆಕ್ಕದಲ್ಲಿ ಹೇಳಿದರೆ 625 ಸುತ್ತು! ಅದೇ ಚಾಂಪಿಯನ್‌ಶಿಪ್ 2022ರ ಜುಲೈನಲ್ಲಿ ನಮ್ಮ ಕಂಠೀರವ ಸ್ಟೇಡಿಯಂನಲ್ಲೇ ನಡೆಯಿತು, ಭಾರತದ ಪುರುಷರ ತಂಡ ಚಿನ್ನ ಗೆದ್ದಿತು. ಕ್ರಿಕೆಟ್ಟಿನ ಒಂದು ಟಾಸ್‌ಗೆ ಸಿಗೋ ಸಮಯ ಟಿವಿಯಲ್ಲಿ ಆ ಚಿನ್ನಕ್ಕೆ ಸಿಗಲಿಲ್ಲ ಅನ್ನೋದು ಬೇರೆ ಮಾತು.

ಇನ್ನೂ ಹಿಂದಕ್ಕೆ ಹೋದರೆ, ಓಟ ಅನ್ನೋದು ಈ ನಾಡಿನಲ್ಲಿ ಒಂದು ನೌಕರಿಯೇ ಆಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರವರೆಗೆ ನಡೆಯಿತಲ್ಲ, ಅದು ನಿಂತಿದ್ದು ಹರಿಕಾರರ ಕಾಲಿನ ಮೇಲೆ. ಆದರೆ ಹರಿಕಾರ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿ ಚೀಲ ಮುಂದಿನವನ ಕೈಗೆ ಕೊಟ್ಟುಬಿಡ್ತಿದ್ದ. ಅಲ್ಟ್ರಾದಲ್ಲಿ ಚೀಲ ತಗೊಳ್ಳೋಕೆ ಯಾರೂ ಬರೋದಿಲ್ಲ.

ಮಾಯಸಂದ್ರದ ಕಡೆಯವರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಒಂದಿದೆ. ಶಿವರಾತ್ರಿಗೆ ಮುಂಚೆ ಯಡಿಯೂರು, ಬೆಳ್ಳೂರು ಕ್ರಾಸ್ ಕಡೆ ಹೋಗಿ ಹೈವೇಯಲ್ಲಿ ನಿಂತು ನೋಡಿ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಸಾಲುಸಾಲಾಗಿ ನಡೀತಿರ್ತಾರೆ. ದಿನಕ್ಕೆ 30 ಕಿಲೋಮೀಟರ್, 40 ಕಿಲೋಮೀಟರ್. ಚಾರ್ಮಾಡಿ ಘಾಟಿ ಇಳಿಯೋ ಹೊತ್ತಿಗೆ ಅವರ ಪಾದ ನೋಡೋ ಹಾಗಿರೋದಿಲ್ಲ. ಅವರಲ್ಲಿ ಸುಖವಾಗಿ ತಲುಪೋರು ಯಾರು? ಮೊದಲ ದಿನ ಎಲ್ಲರನ್ನೂ ಹಿಂದೆ ಹಾಕಿ ಓಡಿದ ಹುಡುಗ ಮೂರನೇ ದಿನ ಲಗೇಜ್ ಗಾಡಿಯಲ್ಲಿ ಕೂತಿರ್ತಾನೆ. ಅರವಟ್ಟಿಗೆ ಸಿಕ್ಕಲ್ಲೆಲ್ಲ ನಿಂತು, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಕಾಲಿಗೆ ಬಟ್ಟೆ ಸುತ್ತಿಕೊಂಡು ಒಂದೇ ಸಮ ನಡೆದ ಅಜ್ಜಿ ಮಂಜುನಾಥನ ಮುಂದೆ ಕೈ ಮುಗಿದು ನಿಂತಿರ್ತಾಳೆ. ಅಲ್ಟ್ರಾ ಓಟದ ಅರ್ಧ ಪಾಠ ಆ ಅಜ್ಜಿಗೆ ಗೊತ್ತು.

ಈಗ ಲೆಕ್ಕ ನೋಡಿ. 50 ಕಿಲೋಮೀಟರ್ ಅನ್ನು ಎಂಟು ಗಂಟೆಯಲ್ಲಿ ಮುಗಿಸಬೇಕು ಅಂದರೆ ಗಂಟೆಗೆ 6.25 ಕಿಲೋಮೀಟರ್. ಬಿರುಸಾಗಿ ನಡೆಯೋ ಮನುಷ್ಯನ ವೇಗಕ್ಕಿಂತ ಚೂರು ಹೆಚ್ಚು, ಅಷ್ಟೇ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೀತಿರೋ ಕಾಮ್ರೇಡ್ಸ್ ಓಟ ಸುಮಾರು 88–90 ಕಿಲೋಮೀಟರ್, ಕೊಡೋ ಸಮಯ 12 ಗಂಟೆ. ಅಲ್ಲೂ ಏರು ಬಂದಾಗ ಸಾವಿರಾರು ಜನ ನಡೆದೇ ಹತ್ತುತ್ತಾರೆ. ಹಾಗಾಗಿ ಮೊದಲ ಸಲ ಓಡೋನು ಕಲಿಯಬೇಕಾದ ಮೊದಲ ವಿದ್ಯೆ ನಿಧಾನ. ಪಕ್ಕದಲ್ಲಿ ಓಡೋನ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಏದುಸಿರು ಬಂದು ಮಾತು ತುಂಡಾದರೆ ವೇಗ ಹೆಚ್ಚಾಯ್ತು ಅಂತ ಅರ್ಥ.

"ತೋಟದಲ್ಲಿ ಮೈಮುರಿದು ದುಡಿಯೋ ಹುಡುಗ ಸಾರ್, ಅವನಿಗೆ ಓಟ ಏನು ಮಹಾ" ಅಂದರು ಯಜಮಾನರು. ದುಡಿಯೋ ಮೈ ಒಳ್ಳೆಯದೇ. ಆದರೆ ಇಲ್ಲಿ ಒಂದು ಮೋಸ ಇದೆ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಓಟಕ್ಕೆ ಹೊಂದಿಕೊಳ್ತವೆ. ಮೂಳೆಗೆ, ಮಾಂಸಖಂಡವನ್ನು ಮೂಳೆಗೆ ಕಟ್ಟಿರೋ ಸ್ನಾಯುರಜ್ಜುವಿಗೆ ತಿಂಗಳುಗಟ್ಟಲೆ ಬೇಕು. ಉಸಿರು "ಓಡು ಓಡು" ಅನ್ನುತ್ತೆ, ಮೊಣಕಾಲ ಕೆಳಗಿನ ಮೂಳೆ ಒಳಗೊಳಗೇ ಕೂದಲಷ್ಟು ಸಣ್ಣಗೆ ಬಿರುಕು ಬಿಡ್ತಾ ಇರುತ್ತೆ. ಹುಮ್ಮಸ್ಸಿನ ಹುಡುಗರು ಕೆಡೋದು ಇಲ್ಲೇ.

ಅದಕ್ಕೇ ಆರು ತಿಂಗಳು ಇಟ್ಟುಕೊಳ್ಳಲಿ. ಈಗಾಗಲೇ ವಾರಕ್ಕೆ 30 ಕಿಲೋಮೀಟರ್ ಆರಾಮಾಗಿ ಓಡ್ತಿದ್ದರೆ ಅಲ್ಲಿಂದ ಮೇಲಕ್ಕೆ ಹೋಗೋದು. ಹೋದ ವಾರಕ್ಕಿಂತ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿಸಬೇಕು ಅನ್ನೋದು ಓಟಗಾರರ ಹಳೇ ಲೆಕ್ಕ. ಅದು ಶಾಸನವಲ್ಲ, ಆದರೆ ಲಗಾಮು. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸಬೇಕು. ವಾರಕ್ಕೆ ಒಂದು ದಿನ ಪೂರ್ತಿ ರಜೆ. ರಜೆ ದಿನ ಕಾಯಿ ಮೂಟೆ ಹೊರಿಸಬೇಡಿ ಯಜಮಾನ್ರೇ, ಅದು ರಜೆ ಆಗಲ್ಲ.

ಅಲ್ಟ್ರಾಕ್ಕೆ ತಯಾರಾಗೋರ ಒಂದು ಮುಖ್ಯ ಉಪಾಯ ಶನಿವಾರ, ಭಾನುವಾರದ ಜೋಡಿ ಓಟ. ಶನಿವಾರ 25 ಕಿಲೋಮೀಟರ್ ಓಡಿ, ಭಾನುವಾರ ಆ ಸುಸ್ತಾದ ಕಾಲಿನಲ್ಲೇ 15 ಓಡೋದು. ಒಂದೇ ದಿನ 45 ಓಡಿ ಹದಿನೈದು ದಿನ ಮಲಗೋದಕ್ಕಿಂತ ಇದು ವಾಸಿ. ದಣಿದ ಕಾಲಿನಲ್ಲಿ ಹೆಜ್ಜೆ ಹಾಕೋ ಅಭ್ಯಾಸವಾಗುತ್ತೆ, ಮೈಯೂ ಮುರಿಯೋದಿಲ್ಲ. ಓಟಕ್ಕೆ ಮೂರು ನಾಲ್ಕು ವಾರ ಮುಂಚೆ ಒಂದು ಸಲ 35ರಿಂದ 40 ಕಿಲೋಮೀಟರ್ ಮುಟ್ಟಿದರೆ ಸಾಕು. ಪೂರ್ತಿ ಐವತ್ತನ್ನು ಮೊದಲೇ ಓಡಿ ನೋಡಬೇಕಾಗಿಲ್ಲ.

ಎಲ್ಲಿ ಓಡೋದು? ಬೆಂಗಳೂರಿನ ಓಟಗಾರ ಕಾರು ಹತ್ತಿ ಮಣ್ಣಿನ ದಾರಿ ಹುಡುಕಿಕೊಂಡು ಹೋಗ್ತಾನೆ. ಮಾಯಸಂದ್ರದ ಹುಡುಗನಿಗೆ ಮನೆ ಮುಂದೇ ಇದೆ. ಕೆರೆ ಏರಿ, ತೋಟದ ಬಂಡಿ ದಾರಿ, ನಾಲೆ ಪಕ್ಕದ ಮಣ್ಣು ರಸ್ತೆ. ಮೆಟ್ಟಿಲು, ಏರು ಬೇಕಂದರೆ ಆದಿಚುಂಚನಗಿರಿ ಬೆಟ್ಟ ದೂರವೇನಲ್ಲ. ಹತ್ತೋದರ ಜೊತೆ ಇಳಿಯೋದನ್ನೂ ಕಲೀಬೇಕು. ತೊಡೆಯ ಮುಂಭಾಗ ಹಿಂಡಿ ಹೋಗೋದು ಇಳಿಜಾರಿನಲ್ಲೇ. ಟಾರು ರಸ್ತೆಯಲ್ಲಿ ಓಡೋದಾದರೆ ಎದುರು ಬರೋ ಲಾರಿ ಕಣ್ಣಿಗೆ ಕಾಣೋ ಹಾಗೆ ಬಲಗಡೆ ಓಡಲಿ. ಕತ್ತಲಲ್ಲಿ ಒಬ್ಬನೇ ಹೋಗೋದು ಮಾತ್ರ ಬೇಡ. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಚಿರತೆ ದಾಳಿಗೆ ಜನ ಜೀವ ಕಳೆದುಕೊಂಡಿದ್ದನ್ನು ನಾವೆಲ್ಲ ಸುದ್ದಿ ಮಾಡಿದ್ದೇವೆ. ಬೆಳಕು ಹರಿದ ಮೇಲೆ ಹೊರಟರೆ ಗಂಟೇನೂ ಹೋಗಲ್ಲ.

ಈಗ ಹೊಟ್ಟೆಯ ವಿಷಯ. ನಮ್ಮ ಮೈಯಲ್ಲಿ ಸಕ್ಕರೆಯ ದಾಸ್ತಾನು ಇರೋದು ಸುಮಾರು 400–500 ಗ್ರಾಂ, ಅಂದರೆ ಹೆಚ್ಚೆಂದರೆ ಎರಡು ಸಾವಿರ ಕ್ಯಾಲೊರಿ. 60 ಕೆಜಿ ತೂಕದ ಮನುಷ್ಯ 50 ಕಿಲೋಮೀಟರ್ ಓಡೋಕೆ ಅಂದಾಜು ಮೂರು ಸಾವಿರ ಕ್ಯಾಲೊರಿ ಬೇಕು. ಮೈಯಲ್ಲಿರೋ ಕೊಬ್ಬು ಒಂದಷ್ಟು ಕೊಡುತ್ತೆ, ಆದರೆ ನಿಧಾನವಾಗಿ ಕೊಡುತ್ತೆ. ಮಿಕ್ಕಿದ್ದನ್ನು ಓಡ್ತಾ ಓಡ್ತಾ ತಿನ್ನಬೇಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಸೇರಬೇಕು ಅಂತ ಕ್ರೀಡಾ ಪೋಷಣೆಯವರು ಹೇಳ್ತಾರೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಒಂದು ಅಡಿಕೆ ಗಾತ್ರದ ಬೆಲ್ಲದಲ್ಲಿ ಹತ್ತು ಗ್ರಾಂ ಹತ್ತಿರ. ಪೇಟೆಯ ಜೆಲ್ ಪೊಟ್ಟಣ ಇಲ್ಲದಿದ್ದರೆ ಓಟವೇ ಇಲ್ಲ ಅನ್ನೋದು ಸುಳ್ಳು. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಚಿತ್ರಾನ್ನದ ಸಣ್ಣ ಉಂಡೆ, ಖರ್ಜೂರ, ಬೆಲ್ಲ ಎಲ್ಲ ನಡೆಯುತ್ತೆ. ಕೊಬ್ಬರಿ–ಬೆಲ್ಲದಲ್ಲಿ ಬೆಲ್ಲ ಜಾಸ್ತಿ, ಕೊಬ್ಬರಿ ಕಮ್ಮಿ ಇರಲಿ. ತಿಪಟೂರು ಸೀಮೆಯವರು ಬೇಜಾರು ಮಾಡ್ಕೋಬೇಡಿ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಅಂಶ, ಓಡೋ ಹೊಟ್ಟೆಯಲ್ಲಿ ಅದು ಕೂತುಬಿಡುತ್ತೆ. ಇನ್ನೊಂದು ವಿಷಯ, ಓಟದ ದಿನ ತಿನ್ನೋದನ್ನೆಲ್ಲ ಅಭ್ಯಾಸದ ದಿನವೇ ತಿಂದು ನೋಡಿರಬೇಕು. ಕಾಲಿನ ಹಾಗೇ ಕರುಳಿಗೂ ತಾಲೀಮು ಬೇಕು.

ನೀರಿನ ಮಾತಿಗೆ ಬರ್ತೀನಿ. ಯಜಮಾನರ ಎರಡನೇ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. "ನೀರಿಗೇನು ಸಾರ್, ಎಳನೀರು ಕೆಡವಿ ಕೊಡ್ತೀನಿ, ಎಷ್ಟು ಬೇಕಾದ್ರೂ ಕುಡೀಲಿ" ಅಂದರು. ತೆಂಗಿನ ನಾಡಿನ ಅಪ್ಪ ಇನ್ನೇನು ಹೇಳ್ತಾರೆ? ಎಳನೀರು ಅಮೃತ, ನನಗೇನೂ ತಕರಾರಿಲ್ಲ. ಆದರೆ ಅದರಲ್ಲಿ ಧಾರಾಳವಾಗಿರೋದು ಪೊಟ್ಯಾಸಿಯಂ. ಬೆವರಿನಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪಿನ ಅಂಶ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಹತ್ತಿರ ಸೋಡಿಯಂ ಹೋಗುತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ. ಎಂಟು ಗಂಟೆ ಬೆವರು ಸುರಿಸಿ ಬರೀ ನೀರು, ಬರೀ ಎಳನೀರು ಗಟಗಟ ಕುಡೀತಾ ಹೋದರೆ ರಕ್ತದಲ್ಲಿರೋ ಸೋಡಿಯಂ ತೆಳ್ಳಗಾಗುತ್ತೆ. ಸಾರಿಗೆ ನೀರು ಸುರಿದ ಹಾಗೆ. ಆಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತೆ, ಮೆದುಳು ಊದಿಕೊಳ್ಳುತ್ತೆ. ಡಾಕ್ಟರುಗಳು ಇದಕ್ಕೆ ಹೈಪೊನೇಟ್ರೀಮಿಯಾ ಅಂತಾರೆ.

ಇದು ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಒಬ್ಬ ಹೆಣ್ಣುಮಗಳು ಸತ್ತಿದ್ದು ಇದರಿಂದಲೇ. ಅದೇ ಓಟದಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಇಳಿದಿತ್ತು. 2005ರಲ್ಲಿ ಅದರ ವರದಿ ಬಂತು. ಹೆಚ್ಚು ಅಪಾಯ ಯಾರಿಗೆ ಗೊತ್ತಾ? ಮುಂದೆ ಓಡೋ ಚಾಂಪಿಯನ್‌ಗಳಿಗಲ್ಲ. ಹಿಂದೆ ನಿಧಾನವಾಗಿ ಬರ್ತಾ, ಪ್ರತಿ ಅರವಟ್ಟಿಗೆಯಲ್ಲೂ ನಿಂತು, ಬಾಯಾರಿಕೆ ಇಲ್ಲದಿದ್ದರೂ "ಒಳ್ಳೇದಾಗುತ್ತೆ" ಅಂತ ಲೋಟಗಟ್ಟಲೆ ಕುಡಿಯೋರಿಗೆ. ಅಂದರೆ ಮೊದಲ ಸಲ ಓಡೋರಿಗೆ.

ಹಾಗಾದರೆ ಮಾಡೋದೇನು? ಬಾಯಾರಿದಾಗ ಕುಡಿ, ಬಾಯಾರಿದಷ್ಟೇ ಕುಡಿ. ಜೊತೆಗೆ ಉಪ್ಪು ಇರಲಿ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು–ಬೆಲ್ಲದ ನಿಂಬೆ ಪಾನಕ, ಇಲ್ಲ ಮೆಡಿಕಲ್ ಶಾಪಿನಲ್ಲಿ ಸಿಗೋ ಓಆರ್‌ಎಸ್ ಪುಡಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರೋದು ಅಸಲಿ ಲೆಕ್ಕ. ಅದೇ ಥರ ಕಾಣೋ ಸಿಹಿ ಜ್ಯೂಸ್ ಡಬ್ಬಿ ಬೇರೆ, ಇದು ಬೇರೆ. ಹಾಗಂತ ಉಪ್ಪು ತಿಂದುಕೊಂಡು ಕೊಡಗಟ್ಟಲೆ ನೀರು ಕುಡಿದರೂ ತಪ್ಪಿಸಿಕೊಳ್ಳೋಕಾಗಲ್ಲ. ಮೂಲ ಕಾರಣ ಅತಿಯಾಗಿ ಕುಡಿಯೋದೇ. ಎಳನೀರು ಒಂದೋ ಎರಡೋ ಕುಡೀಲಿ, ಸಂತೋಷ.

ಜೊತೆಗಿರೋರು ಒಂದು ಗುರುತು ನೆನಪಿಡಬೇಕು. ಓಡ್ತಿರೋನ ಬೆರಳು ಊದಿ ಉಂಗುರ ಬಿಗಿಯಾಗಿದೆ, ತಲೆನೋವು, ವಾಂತಿ, ಮಾತು ತೊದಲ್ತಿದೆ, ತಾನು ಎಲ್ಲಿದ್ದೀನಿ ಅನ್ನೋದೇ ಗೊತ್ತಾಗ್ತಿಲ್ಲ. ಇಂಥವನಿಗೆ "ಪಾಪ, ಸುಸ್ತಾಗಿದೆ" ಅಂತ ಇನ್ನೂ ನೀರು ಕುಡಿಸಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಷ್ಟು ಹೊತ್ತು ಓಡಿದ, ಎಷ್ಟು ಕುಡಿದ ಅಂತ ಡಾಕ್ಟರಿಗೆ ಹೇಳಿ.

ನೀರಿನಷ್ಟೇ ಹೆದರಬೇಕಾದ ಇನ್ನೊಂದು ಇದೆ, ನೋವಿನ ಮಾತ್ರೆ. ನಮ್ಮಲ್ಲಿ ಪಾದಯಾತ್ರೆಗೆ ಹೊರಡೋ ಮುಂಚೆ ಜೇಬಿಗೆ ಮೊದಲು ಬೀಳೋದೇ ಅದು. ಮೆಡಿಕಲ್ ಶಾಪಿಗೆ ಹೋಗಿ "ಕಾಲುನೋವಿಗೆ ಏನಾದ್ರೂ ಕೊಡಪ್ಪ" ಅಂದರೆ ಚೀಟಿ ಇಲ್ಲದೇ ಕೈಗೆ ಬರುತ್ತೆ. ಗಂಟೆಗಟ್ಟಲೆ ಓಡುವಾಗ ಕಿಡ್ನಿಗೆ ಹೋಗೋ ರಕ್ತ ಮೊದಲೇ ಕಮ್ಮಿಯಾಗಿರುತ್ತೆ, ಮಾಂಸಖಂಡ ಒಡೆದ ಚೂರನ್ನೆಲ್ಲ ಸೋಸೋ ಕೆಲಸವೂ ಅದರದ್ದೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಆ ರಕ್ತವನ್ನು ಇನ್ನಷ್ಟು ಹಿಂಡುತ್ತೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಕಿಲೋಮೀಟರ್ ಓಡಿದವರಿಗೆ ಅರ್ಧ ಜನಕ್ಕೆ ಐಬುಪ್ರೊಫೆನ್, ಅರ್ಧ ಜನಕ್ಕೆ ಬರೀ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ಸುಳ್ಳು ಮಾತ್ರೆ ತಗೊಂಡವರಲ್ಲಿ ನೂರಕ್ಕೆ 34 ಜನರ ಕಿಡ್ನಿಗೆ ಪೆಟ್ಟು, ಅಸಲಿ ಮಾತ್ರೆ ನುಂಗಿದವರಲ್ಲಿ 52. ಹೆಚ್ಚಿನವರು ಆಮೇಲೆ ಸರಿಹೋಗ್ತಾರೆ. ನಿಮ್ಮ ಮಗ ಆ ಹೆಚ್ಚಿನವರಲ್ಲೇ ಇರ್ತಾನೆ ಅಂತ ಯಾರು ಬರೆದುಕೊಡ್ತಾರೆ? ಓಟದ ದಿನ ಆ ಮಾತ್ರೆ ಜೇಬಿನಲ್ಲೂ ಇರಬಾರದು.

ಹೃದಯದ ಬಗ್ಗೆ ಕೇಳೋರೂ ಇದ್ದಾರೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದ ಮೇಲೆ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದು ನೆನಪಿದೆಯಲ್ಲ. ವ್ಯಾಯಾಮ ಅಂದರೇ ಜನ ಬೆಚ್ಚಿಬಿದ್ದಿದ್ದರು. ಭಯ ಬೇಡ, ಪರೀಕ್ಷೆ ಇರಲಿ. ಬಿಪಿ, ಶುಗರ್, ಇಸಿಜಿ, ಡಾಕ್ಟರು ಹೇಳಿದರೆ ಎಕೋ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ಹೋಗಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಜ್ವರ ಇದ್ದ ವಾರ ಓಡೋದೇ ಬೇಡ.

ಕಾಲಿಗೆ ಬರೋಣ. ಬೂಟು ಅರ್ಧ ಸೈಜ್ ದೊಡ್ಡದಿರಲಿ, ಗಂಟೆಗಟ್ಟಲೆ ಓಡಿದ ಪಾದ ಊದುತ್ತೆ. ಓಟದ ದಿನಕ್ಕೆ ಅಂತ ಹೊಸ ಬೂಟು ತಂದವನು ಕೆಟ್ಟ. ನೂರು ಕಿಲೋಮೀಟರ್ ಆದರೂ ಪಳಗಿದ ಬೂಟು ಬೇಕು. ತೊಡೆ ಸಂದಿ, ಕಂಕುಳು, ಬೆರಳ ಸಂದಿಗೆ ವ್ಯಾಸಲೀನ್. ಬೊಬ್ಬೆ ಏಳೋಕೆ ಮುಂಚೆ ಅಲ್ಲಿ ಚುರುಚುರು ಅನ್ನುತ್ತೆ, ಆಗಲೇ ನಿಂತು ಟೇಪ್ ಹಾಕಬೇಕು. ಐದು ನಿಮಿಷ ಹೋಗುತ್ತೆ ಅಂತ ಲೆಕ್ಕ ಹಾಕಿದರೆ ಎರಡು ಗಂಟೆ ಕುಂಟಬೇಕಾಗುತ್ತೆ.

ನಡೆಸೋರ ಕಡೆಯೂ ಕಣ್ಣಿರಲಿ. 2021ರ ಮೇ 22ರಂದು ಚೀನಾದ ಗನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೆಯಿತು. 172 ಜನ ಹೊರಟರು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ, ಆಲಿಕಲ್ಲು, ಕೊರೆಯೋ ಮಳೆ. 21 ಜನ ಚಳಿಗೆ ಸೆಟೆದು ಸತ್ತರು, ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಗಾಳಿ ತಡೆಯೋ ಜಾಕೆಟ್ಟು ಅಲ್ಲಿ ಕಡ್ಡಾಯ ಆಗಿರಲಿಲ್ಲ. ಅದಕ್ಕೇ ಫೀಸು ಕಟ್ಟೋ ಮುಂಚೆ ಕೇಳಿ. ಅರವಟ್ಟಿಗೆ ಎಷ್ಟು ಕಿಲೋಮೀಟರಿಗೊಂದು? ಡಾಕ್ಟರು ಎಲ್ಲಿರ್ತಾರೆ? ಆಂಬುಲೆನ್ಸ್ ತೋಟದ ಒಳಗೆ ಬರುತ್ತಾ? ಫೋನ್ ಸಿಗ್ನಲ್ ಇಲ್ಲದ ಕಡೆ ಏನು ವ್ಯವಸ್ಥೆ? ಬ್ಯಾಗಿನಲ್ಲಿ ಏನೇನು ಕಡ್ಡಾಯ? ಇದಕ್ಕೆಲ್ಲ ಉತ್ತರ ಕೊಡದೆ ಮೆಡಲ್ಲು, ಟೀಶರ್ಟಿನ ಫೋಟೋ ಕಳಿಸೋ ಕಡೆ ಹೋಗೋದೇ ಬೇಡ. ಕಾಸು ಕೊಡೋನಿಗೆ ಕೇಳೋ ಹಕ್ಕಿದೆ.

ಊರಿನವರಿಗೂ ಒಂದು ಮಾತು. ದಯವಿಟ್ಟು ಓಟಕ್ಕೆ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಬೇಡಿ. "ನಮ್ಮೂರ ಹುಲಿ" ಅಂತ ಫೋಟೋ ಹಾಕಿಬಿಟ್ಟರೆ 38ನೇ ಕಿಲೋಮೀಟರಿನಲ್ಲಿ ತಲೆ ಸುತ್ತಿದರೂ ಆ ಹುಲಿ ನಿಲ್ಲೋದಿಲ್ಲ. ಕಾಲಿಗಿಂತ ಮರ್ಯಾದೆ ಅವನನ್ನು ಎಳೆದುಕೊಂಡು ಹೋಗುತ್ತೆ. ದೊಡ್ಡ ದೊಡ್ಡ ಓಟಗಾರರೇ ಅರ್ಧಕ್ಕೆ ನಿಲ್ತಾರೆ, ಪಟ್ಟಿಯಲ್ಲಿ ಹೆಸರಿನ ಮುಂದೆ ಡಿಎನ್‌ಎಫ್ ಅಂತ ಬೀಳುತ್ತೆ, ಮುಗಿಸಲಿಲ್ಲ ಅಂತ ಅರ್ಥ, ಮುಂದಿನ ವರ್ಷ ಮತ್ತೆ ಬರ್ತಾರೆ. ಹೊರಡೋ ಮುಂಚೆ ಅಪ್ಪನೇ ಮಗನಿಗೆ ಹೇಳಲಿ, "ಆಗಲಿಲ್ಲ ಅಂದ್ರೆ ನಿಂತ್ಕೊಂಡು ಫೋನ್ ಮಾಡು ಮಗ, ಬಂದು ಕರ್ಕೊಂಡು ಹೋಗ್ತೀನಿ." ಈ ಒಂದು ಮಾತು ಹತ್ತು ಜೆಲ್ ಪೊಟ್ಟಣಕ್ಕೆ ಸಮ.

ಕೊನೆಯ ಎರಡು ವಾರ ಓಟ ಅರ್ಧಕ್ಕರ್ಧ ಇಳಿಸಬೇಕು. ಈ ಹೊತ್ತಿಗೆ ಹುಡುಗರಿಗೆ ಕಾಲು ಕಡಿಯುತ್ತೆ, ಇನ್ನೊಂದು ಸಲ ಓಡಿ ನೋಡಿಬಿಡೋಣ ಅನ್ನಿಸುತ್ತೆ. ಓಡಬಾರದು, ನಿದ್ದೆ ಮಾಡಬೇಕು. ಹಿಂದಿನ ರಾತ್ರಿ ಬಾಡೂಟ ಬೇಡ, ದಿನಾ ಉಣ್ಣೋ ಊಟವೇ ಸಾಕು. ಕಾಲುಗುರು ಕತ್ತರಿಸಿರಲಿ. ಮೊದಲ ಹತ್ತು ಕಿಲೋಮೀಟರ್ ಎಲ್ಲರೂ ಹಿಂದೆ ಹಾಕಿ ಹೋಗಲಿ, ಬಿಡಲಿ. ಮೂವತ್ತರ ಆಚೆ ಅವರಲ್ಲಿ ಎಷ್ಟೋ ಜನ ರಸ್ತೆ ಪಕ್ಕ ಕೂತಿರ್ತಾರೆ.

ಮುಗಿಸಿ ಬಂದ ಮೇಲೆ ಮುದ್ದೆ, ಬಸ್ಸಾರು, ಅವರಮ್ಮ ಏನು ಬಡಿಸಿದರೂ ಉಣ್ಣಲಿ. ಎರಡು ದಿನ ಮೂತ್ರದ ಬಣ್ಣ ನೋಡಿಕೊಳ್ಳಲಿ. ಕಾಫಿ ಡಿಕಾಕ್ಷನ್ ಥರ ಕಪ್ಪಗಿದ್ದರೆ, ಇಲ್ಲ ಮೂತ್ರವೇ ಬರದಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ. ಒಂದು ವಾರ ಮೆಟ್ಟಿಲು ಇಳಿಯೋದು ಕಷ್ಟ, ಹಿಂದುಮುಂದಾಗಿ ಇಳಿದರೆ ನೋವು ಕಮ್ಮಿ. ಒಂದೆರಡು ಕಾಲುಗುರು ಕಪ್ಪಾಗಿ ಉದುರಬಹುದು, ಮತ್ತೆ ಬರ್ತವೆ. ತೆಂಗಿನ ಮರ ಹತ್ತೋ ಕೆಲಸಕ್ಕೆ ಹತ್ತು ದಿನ ಬೇರೆ ಆಳು ನೋಡಿಕೊಳ್ಳಿ ಯಜಮಾನ್ರೇ.